ಅರ್ಧ ತೊಟ್ಟಿ ಹೊಸ ನೀರು, ಒಂದು ಸತ್ತ ಮೀನು: ಗೋಲ್ಡ್‌ಫಿಶ್ ತೊಟ್ಟಿಯೊಂದರ ಪ್ರಕರಣ ಅಧ್ಯಯನ

ಈ ಪ್ರಕರಣ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 35 ಸೆಂ.ಮೀ. ಎತ್ತರದ ಒಂದು ಗಾಜಿನ ತೊಟ್ಟಿಯದು. ಅಳತೆಯ ಪ್ರಕಾರ ಅದರಲ್ಲಿ 63 ಲೀಟರ್ ಹಿಡಿಯಬೇಕಾದರೂ, ತಳದ ಹರಳುಕಲ್ಲು ಮತ್ತು ಮೇಲ್ತುದಿಯಲ್ಲಿ ಖಾಲಿ ಬಿಟ್ಟ ಜಾಗವನ್ನು ಕಳೆದರೆ ನಿಜವಾಗಿ ಇದ್ದದ್ದು 54 ಲೀಟರ್ ನೀರು. ಎರಡು ಫ್ಯಾನ್‌ಟೇಲ್, ಒಂದು ಒರಾಂಡಾ, ಹೀಗೆ ಮೂರು ಗೋಲ್ಡ್‌ಫಿಶ್‌ಗಳು ಅದರಲ್ಲಿದ್ದವು. ಏರ್ ಪಂಪಿನಿಂದ ನಡೆಯುವ ಸ್ಪಂಜಿನ ಫಿಲ್ಟರ್ ಒಂದಿತ್ತು. ಮೀನು ಸಾಕಿದವರು ನನ್ನ ಪರಿಚಯದ ಮಹಿಳೆ. ಯಾವುದನ್ನು ಮಾಡಿದರೂ ಶ್ರದ್ಧೆಯಿಂದ ಮಾಡುವವರು. ಈ ಪ್ರಕರಣದಲ್ಲಿ ಅಲಕ್ಷ್ಯದಿಂದ ಆದ ತಪ್ಪು ಒಂದೂ ಇಲ್ಲವೆಂಬುದೇ ಅದನ್ನು ವಿವರವಾಗಿ ಬರೆಯಲು ನನಗಿರುವ ಕಾರಣ.

ಏಳು ತಿಂಗಳ ಹಿನ್ನೆಲೆ

ಮೊದಲ ಎರಡು ತಿಂಗಳು ಅವರು ಪ್ರತಿ ವಾರ ಮೀನುಗಳನ್ನು ಬಕೆಟ್ಟಿಗೆ ಹಾಕಿ, ತೊಟ್ಟಿಯ ನೀರನ್ನು ಪೂರ್ತಿ ಚೆಲ್ಲಿ, ಕಲ್ಲನ್ನೂ ಸ್ಪಂಜನ್ನೂ ನಲ್ಲಿಯ ಕೆಳಗೆ ಹಿಡಿದು ತಿಕ್ಕಿ ತೊಳೆದು, ಹೊಸ ನೀರು ತುಂಬುತ್ತಿದ್ದರು. ಎರಡು ಮೂರು ದಿನಗಳಲ್ಲಿ ನೀರು ಹಾಲು ಬೆರೆಸಿದಂತೆ ಮಬ್ಬಾಗುತ್ತಿತ್ತು. ಮಬ್ಬನ್ನು ಕೊಳಕೆಂದು ತಿಳಿದು ಇನ್ನೂ ಚೆನ್ನಾಗಿ ತಿಕ್ಕುತ್ತಿದ್ದರು. ಮುಂದಿನ ವಾರ ಮತ್ತೆ ಮಬ್ಬು. ಮೀನಿನ ಕಿವಿರುಗಳಿಂದ ಹೊರಬರುವ ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿಯೂ ಬಳಿಕ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಗಳು ಸ್ಪಂಜು, ಕಲ್ಲು, ಗಾಜಿನ ಮೇಲ್ಮೈಗಳಿಗೆ ಅಂಟಿಕೊಂಡು ಬೆಳೆಯುತ್ತವೆ. ನಲ್ಲಿ ನೀರಿನ ಕ್ಲೋರಿನ್ ಮತ್ತು ಆ ತಿಕ್ಕಾಟ ಅವುಗಳನ್ನು ವಾರವಾರವೂ ಕೊಲ್ಲುತ್ತಿದ್ದವು. ಹೊಸ ನೀರಿನಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಗಳು ಒಮ್ಮೆಲೇ ಹೆಚ್ಚಿಕೊಂಡು ಆ ಮಬ್ಬನ್ನು ಉಂಟುಮಾಡುತ್ತಿದ್ದವು.

ಎರಡು ತಿಂಗಳ ಬಳಿಕ ಯಾರೋ ಅವರಿಗೆ, ನೀರು ಬದಲಿಸಿದರೆ ಒಳ್ಳೆಯ ಬ್ಯಾಕ್ಟೀರಿಯ ಹೊರಟುಹೋಗುತ್ತದೆ, ಹಾಗೆಯೇ ಬಿಟ್ಟರೆ ತೊಟ್ಟಿ ತಾನಾಗಿ ಹದಕ್ಕೆ ಬರುತ್ತದೆ ಎಂದರು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಬ್ಯಾಕ್ಟೀರಿಯ ನಷ್ಟವಾಗುತ್ತಿದ್ದದ್ದು ಸ್ಪಂಜು ತೊಳೆಯುವುದರಿಂದ. ನೀರಿನಲ್ಲಿ ತೇಲುವ ಬ್ಯಾಕ್ಟೀರಿಯದ ಪಾಲು ತೀರಾ ಅಲ್ಪ. ಆದರೆ ಅವರು ಎರಡನ್ನೂ ಒಟ್ಟಿಗೆ ನಿಲ್ಲಿಸಿಬಿಟ್ಟರು. ಮುಂದಿನ ಐದು ತಿಂಗಳು ಆವಿಯಾಗಿ ಕಡಿಮೆಯಾದಷ್ಟು ನೀರನ್ನು ಮೇಲಿನಿಂದ ತುಂಬುವುದನ್ನು ಬಿಟ್ಟರೆ ತೊಟ್ಟಿಗೆ ಕೈ ಹಚ್ಚಲಿಲ್ಲ. ಮಬ್ಬು ಮಾಯವಾಯಿತು. ನೀರು ಕನ್ನಡಿಯಂತೆ ತಿಳಿಯಾಯಿತು. ಹಿಂದಿನ ಎರಡು ತಿಂಗಳ ಕಷ್ಟ ನೆನೆದರೆ, ಇದೇ ಸರಿಯಾದ ಕ್ರಮವೆಂದು ಅವರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಈ ಐದು ತಿಂಗಳ ನಡುವೆ, ಸುಮಾರು ನಾಲ್ಕನೆಯ ತಿಂಗಳಲ್ಲಿ, ಅವರು ನಾಲ್ಕನೆಯ ಮೀನೊಂದನ್ನು ತಂದು ಬಿಟ್ಟಿದ್ದರು. ಅದು ಎರಡನೆಯ ದಿನಕ್ಕೆ ಸತ್ತಿತು. ಮೀನೇ ರೋಗಿಷ್ಠವಾಗಿತ್ತೆಂದು ಎಲ್ಲರೂ ಭಾವಿಸಿದರು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದಲ್ಲಿ ಕೈತಪ್ಪಿಹೋದ ಒಂದೇ ಒಂದು ಸೂಚನೆ ಇದು. ಹಳೆಯ ಮೀನುಗಳು ಆರಾಮವಾಗಿರುವ ತೊಟ್ಟಿಯಲ್ಲಿ ಹೊಸ ಮೀನು ಎರಡು ದಿನವೂ ಬದುಕದಿದ್ದರೆ, ಹಳೆಯ ಮೀನುಗಳು ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಒಗ್ಗಿಕೊಂಡಿರುವ ಯಾವುದೋ ಕೆಟ್ಟ ಸ್ಥಿತಿ ಆ ನೀರಿನಲ್ಲಿ ಇರಬಹುದೆಂದು ಶಂಕಿಸಬೇಕು.

ಆ ಭಾನುವಾರ

ಏಳನೆಯ ತಿಂಗಳ ಕೊನೆಗೆ ಮೀನುಗಳು ತಳದಲ್ಲಿ ಮಂಕಾಗಿ ಕೂರತೊಡಗಿದವು, ರೆಕ್ಕೆಗಳನ್ನು ಮೈಗೆ ಒತ್ತಿಕೊಂಡವು. ನೀರು ಬದಲಿಸದೆ ತುಂಬಾ ಕಾಲವಾಯಿತೆಂಬುದು ಒಡತಿಗೆ ಹೊಳೆಯಿತು. ಹಿಂದಿನ ತಪ್ಪು ಮರುಕಳಿಸಬಾರದೆಂದು ಅವರು ಈ ಬಾರಿ ಎಲ್ಲವನ್ನೂ ಪುಸ್ತಕದಲ್ಲಿ ಹೇಳಿದಂತೆ ಮಾಡಿದರು. ನೀರನ್ನು ಹಿಂದಿನ ರಾತ್ರಿಯೇ ಹಿಡಿದಿಟ್ಟು ಕ್ಲೋರಿನ್ ನಿವಾರಕ ದ್ರಾವಣ ಹಾಕಿದರು, ಉಷ್ಣಮಾಪಕದಿಂದ ಎರಡೂ ನೀರು 25 ಡಿಗ್ರಿ ಸೆಲ್ಸಿಯಸ್ ಇರುವುದನ್ನು ನೋಡಿಕೊಂಡರು, ಸ್ಪಂಜನ್ನು ಮುಟ್ಟಲಿಲ್ಲ, ಸೈಫನ್ ಕೊಳವೆಯಿಂದ ಕಲ್ಲಿನ ನಡುವಿನ ಕಸ ಎಳೆಯುತ್ತ ಅರ್ಧದಷ್ಟು, ಅಂದರೆ 27 ಲೀಟರ್ ತೆಗೆದು, ಅಷ್ಟೇ ಹೊಸ ನೀರನ್ನು ತುಂಬಿದರು.

ಎರಡು ಗಂಟೆಯೊಳಗೆ ಮೂರೂ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯತೊಡಗಿದವು. ಸಂಜೆಗೆ ಒರಾಂಡಾ ಮಗ್ಗುಲಾಗಿ ಮಲಗಿತು, ರಾತ್ರಿ ಸತ್ತಿತು. ಆಗ ನನಗೆ ಕರೆ ಬಂತು. ಸದ್ಯಕ್ಕೆ ಆಹಾರವನ್ನು ಪೂರ್ತಿ ನಿಲ್ಲಿಸಿ, ಏರ್ ಪಂಪಿನ ಗಾಳಿಯನ್ನು ಹೆಚ್ಚಿಸಿ, ತೆಗೆದ ಹಳೆಯ ನೀರು ಉಳಿದಿದ್ದರೆ ಚೆಲ್ಲಬೇಡಿ ಎಂದಷ್ಟೇ ಹೇಳಿದೆ. ಹೂಕುಂಡಗಳಿಗೆಂದು ಒಂದು ಬಕೆಟ್ ಎತ್ತಿಟ್ಟಿದ್ದರು. ಆ ಬಕೆಟ್ ಇಲ್ಲದಿದ್ದರೆ ಈ ಅಧ್ಯಯನವೂ ಇರುತ್ತಿರಲಿಲ್ಲ, ಏಕೆಂದರೆ ಸಾಮಾನ್ಯವಾಗಿ ಇಂಥ ಸಾವಿನ ಸಾಕ್ಷ್ಯ ಮೊದಲೇ ಚರಂಡಿ ಸೇರಿರುತ್ತದೆ.

ಹಳೆಯ ನೀರಿನ ಪರೀಕ್ಷೆ

ಮರುದಿನ ಬೆಳಿಗ್ಗೆ ದ್ರಾವಣ ಬೆರೆಸಿ ಬಣ್ಣ ನೋಡುವ ಪರೀಕ್ಷಾ ಕಿಟ್ಟಿನಿಂದ ಮೂರು ನೀರುಗಳನ್ನು ಪರೀಕ್ಷಿಸಿದೆವು. ನಲ್ಲಿ ನೀರಿನ ಪಿಎಚ್ (ಆಮ್ಲ-ಕ್ಷಾರ ಗುಣದ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) 8.0, ಆಮ್ಲವನ್ನು ತಡೆದುಕೊಳ್ಳುವ ಕಾರ್ಬೊನೇಟ್ ಗಡಸುತನ 8 ಡಿಗ್ರಿ (ಲೀಟರಿಗೆ ಸುಮಾರು 143 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ), ಅಮೋನಿಯ ಸೊನ್ನೆ, ನೈಟ್ರೇಟ್ 5 ಪಿಪಿಎಂ (ಲೀಟರಿಗೆ 5 ಮಿ.ಗ್ರಾಂ). ಬಕೆಟ್ಟಿನ ಹಳೆಯ ನೀರಿನ ಪಿಎಚ್ ಕಿಟ್ಟಿನ ಬಣ್ಣದ ಕಾರ್ಡಿನ ಕೊನೆಯ ಬಣ್ಣವಾದ 6.0, ನಿಜದಲ್ಲಿ ಅದಕ್ಕಿಂತಲೂ ಕೆಳಗಿದ್ದಿರಬಹುದು. ಗಡಸುತನದ ಪರೀಕ್ಷೆಯಲ್ಲಿ ದ್ರಾವಣದ ಮೊದಲ ಹನಿಗೇ ಬಣ್ಣ ತಿರುಗಿತು, ಅಂದರೆ ಒಂದು ಡಿಗ್ರಿಯೂ ಇರಲಿಲ್ಲ. ಅಮೋನಿಯ 8 ಪಿಪಿಎಂ. ನೈಟ್ರೇಟ್ 160ರ ಗಾಢ ಕೆಂಪನ್ನೂ ದಾಟಿತ್ತು. ತೊಟ್ಟಿಯಲ್ಲಿ ಈಗಿದ್ದ ಬೆರಕೆ ನೀರಿನಲ್ಲಿ ಪಿಎಚ್ 7.8, ಅಮೋನಿಯ 4 ಪಿಪಿಎಂ. (ನೈಟ್ರೇಟ್ ಪರೀಕ್ಷೆಯ ಎರಡನೆಯ ಸೀಸೆಯನ್ನು ಬಳಸುವ ಮೊದಲು ಅರ್ಧ ನಿಮಿಷವಾದರೂ ಜೋರಾಗಿ ಕುಲುಕಬೇಕು, ಇಲ್ಲದಿದ್ದರೆ ತಳಕ್ಕಿಳಿದ ಪುಡಿ ಬೆರೆಯದೆ ಅಳತೆ ತೀರಾ ಕಡಿಮೆ ಬರುತ್ತದೆ. ಒಡತಿ ಹಿಂದೊಮ್ಮೆ ಕುಲುಕದೆ ಪರೀಕ್ಷಿಸಿ 10 ಎಂದು ಬರೆದಿಟ್ಟುಕೊಂಡು ನೆಮ್ಮದಿಯಾಗಿದ್ದರು.)

ಮೇಲ್ನೋಟಕ್ಕೆ ಇದು ಒಗಟು. ನೀರು ಬದಲಿಸಿದ್ದರಿಂದ ಅಮೋನಿಯ 8ರಿಂದ 4ಕ್ಕೆ ಇಳಿದಿದೆ. 8ರಲ್ಲಿ ಬದುಕಿದ್ದ ಮೀನು 4ರಲ್ಲಿ ಸತ್ತದ್ದು ಹೇಗೆ? ಉತ್ತರ ಪಿಎಚ್‌ನಲ್ಲಿದೆ. ಕಿಟ್ ತೋರಿಸುವ ಅಮೋನಿಯ ವಾಸ್ತವದಲ್ಲಿ ಎರಡು ರೂಪಗಳ ಮೊತ್ತ. ವಿದ್ಯುದಂಶವುಳ್ಳ ಅಮೋನಿಯಂ ಮೀನಿಗೆ ಅಷ್ಟೇನೂ ಅಪಾಯಕಾರಿಯಲ್ಲ. ವಿದ್ಯುದಂಶವಿಲ್ಲದ ಅಮೋನಿಯ ಕಿವಿರಿನ ಪೊರೆಯನ್ನು ಸುಲಭವಾಗಿ ದಾಟುವುದರಿಂದ ವಿಷಕಾರಿ. ಇವೆರಡರ ಪಾಲನ್ನು ನಿರ್ಧರಿಸುವುದು ಮುಖ್ಯವಾಗಿ ಪಿಎಚ್, ಸ್ವಲ್ಪಮಟ್ಟಿಗೆ ಉಷ್ಣತೆ. 25 ಡಿಗ್ರಿಯಲ್ಲಿ ಪಿಎಚ್ 6.0 ಇರುವಾಗ ವಿಷರೂಪದ ಪಾಲು ಶೇ. 0.06ಕ್ಕೂ ಕಡಿಮೆ, ಆದ್ದರಿಂದ 8 ಪಿಪಿಎಂನಲ್ಲಿ ಲೀಟರಿಗೆ ಸುಮಾರು 0.0045 ಮಿ.ಗ್ರಾಂ ಮಾತ್ರ. ಪಿಎಚ್ 7.8ಕ್ಕೆ ಏರಿದಾಗ ಆ ಪಾಲು ಸುಮಾರು ಶೇ. 3.4 ಆಗುತ್ತದೆ, 4 ಪಿಪಿಎಂನಲ್ಲಿ ಅದು 0.136 ಮಿ.ಗ್ರಾಂ. ಒಟ್ಟು ಅಮೋನಿಯ ಅರ್ಧವಾಯಿತು, ವಿಷ ಮಾತ್ರ ಮೂವತ್ತು ಪಟ್ಟಾಯಿತು.

ಇಲ್ಲಿಗೆ ನಿಲ್ಲಿಸಿದರೆ ಲೆಕ್ಕ ಅಂದವಾಗಿ ಮುಗಿಯುತ್ತದೆ, ಆದರೆ ಪೂರ್ತಿ ಪ್ರಾಮಾಣಿಕವಾಗುವುದಿಲ್ಲ. ವಿಷರೂಪದ ಅಮೋನಿಯ 0.05 ಮಿ.ಗ್ರಾಂ ದಾಟಿದರೆ ಕಿವಿರುಗಳಿಗೆ ಹಾನಿ ಶುರುವಾಗುತ್ತದೆಂಬುದು ಒಪ್ಪಿತ ಮಾತಾದರೂ, 0.136 ಮಿ.ಗ್ರಾಂ ಒಂದೇ ಆರೋಗ್ಯವಂತ ಗೋಲ್ಡ್‌ಫಿಶ್ ಅನ್ನು ಅರ್ಧ ದಿನದಲ್ಲಿ ಕೊಲ್ಲುವಷ್ಟು ದೊಡ್ಡ ಪ್ರಮಾಣವಲ್ಲ. ಎರಡು ಗಂಟೆಯೊಳಗೆ ಪಿಎಚ್ ಹೆಚ್ಚುಕಡಿಮೆ ಎರಡು ಅಂಕ ಜಿಗಿದದ್ದು, ತಿಂಗಳುಗಟ್ಟಲೆ ಲವಣಗಳು ಸಾಂದ್ರಗೊಂಡಿದ್ದ ನೀರು ಒಮ್ಮೆಲೇ ತೆಳುವಾದದ್ದು, ಮೀನುಗಳು ಮೊದಲೇ ಬಳಲಿದ್ದದ್ದು, ಇವೆಲ್ಲ ಅಮೋನಿಯದ ಜೊತೆ ಸೇರಿಯೇ ಒರಾಂಡಾವನ್ನು ಕೊಂದವೆಂದು ನನ್ನ ತೀರ್ಮಾನ. ಯಾವುದರ ಪಾಲು ಎಷ್ಟೆಂದು ಬೇರ್ಪಡಿಸಿ ತೋರಿಸುವ ಸಾಕ್ಷ್ಯ ಈ ಪ್ರಕರಣದಲ್ಲಿಲ್ಲ.

ಹಾಗಾದರೆ ನಲ್ಲಿಯಲ್ಲಿ 8.0 ಇದ್ದ ಪಿಎಚ್ ತೊಟ್ಟಿಯಲ್ಲಿ 6.0ಕ್ಕೆ ಇಳಿದದ್ದೇಕೆ? ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೇಟ್ ಆಗಿಸುವಾಗ ಆಮ್ಲ ಬಿಡುಗಡೆಯಾಗುತ್ತದೆ, ಆ ಆಮ್ಲವನ್ನು ನೀರಿನ ಕಾರ್ಬೊನೇಟ್ ಗಡಸುತನ ತಡೆದುಕೊಳ್ಳುತ್ತದೆ ಮತ್ತು ತಡೆಯುತ್ತ ತಾನೇ ಖರ್ಚಾಗುತ್ತದೆ. ಅಮೋನಿಯದಲ್ಲಿರುವ ಪ್ರತಿ ಒಂದು ಮಿ.ಗ್ರಾಂ ಸಾರಜನಕಕ್ಕೆ ಸುಮಾರು 7.1 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನಷ್ಟು ಕ್ಷಾರೀಯತೆ (ಅಂದರೆ ಅದೇ ತಡೆಯುವ ಶಕ್ತಿ) ಕರಗುತ್ತದೆ. ಮೂರು ಮೀನುಗಳ ತೊಟ್ಟಿಯಲ್ಲಿ ವಾರಕ್ಕೆ 27 ಪಿಪಿಎಂ ನೈಟ್ರೇಟ್ ಹುಟ್ಟುತ್ತಿತ್ತೆಂದು ಹಿಡಿದರೆ (ಈ ಅಂಕಿಯ ಮೂಲ ಮುಂದೆ ಬರುತ್ತದೆ), ವಾರಕ್ಕೆ ಲೀಟರಿಗೆ 43 ಮಿ.ಗ್ರಾಂ ಕ್ಷಾರೀಯತೆ ಖರ್ಚು. ಆರಂಭದ ದಾಸ್ತಾನು 143. ಆವಿಯಾದ ನೀರಿನ ಬದಲಿಗೆ ತುಂಬುತ್ತಿದ್ದ ನಲ್ಲಿ ನೀರಿನಿಂದ ಸ್ವಲ್ಪ ಮರಳಿ ಜಮೆಯಾಗುತ್ತಿದ್ದರೂ ಐದಾರು ವಾರಗಳಲ್ಲಿ ಖಾತೆ ಬರಿದಾಗಿರಬೇಕು. ಆಮೇಲೆ ಪಿಎಚ್ ಕುಸಿಯುತ್ತದೆ, ಆಮ್ಲೀಯ ನೀರಿನಲ್ಲಿ ಅದೇ ಬ್ಯಾಕ್ಟೀರಿಯಗಳ ಕೆಲಸ ನಿಧಾನವಾಗುತ್ತದೆ, ಅಮೋನಿಯ ಅಮೋನಿಯಂ ರೂಪದಲ್ಲಿ ಸದ್ದಿಲ್ಲದೆ ಕೂಡುತ್ತ ಹೋಗುತ್ತದೆ. ಇವುಗಳಲ್ಲಿ ಯಾವುದೂ ಕಣ್ಣಿಗೆ ಕಾಣುವಂಥದ್ದಲ್ಲ. ನೀರು ತಿಳಿಯಾಗಿಯೇ ಇರುತ್ತದೆ. ನಾಲ್ಕನೆಯ ಮೀನು ಬಂದು ಸತ್ತದ್ದು ಈ ಹಂತದಲ್ಲಿ.

ಚೇತರಿಕೆ

ಉಳಿದ ಎರಡು ಮೀನುಗಳಿಗಾಗಿ ನಾನು ಕೊಟ್ಟ ಮೊದಲ ಸಲಹೆ ಇನ್ನೂ ಕಾಲು ಭಾಗ ನೀರು ಬದಲಿಸುವುದು. "ನೀರು ಬದಲಿಸಿದ್ದಕ್ಕೇ ತಾನೇ ಸತ್ತದ್ದು, ಮತ್ತೆ ಅದನ್ನೇ ಮಾಡಿ ಅಂತೀರಲ್ಲ?" ಎಂದು ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಆದರೆ ಪಿಎಚ್ ಆಗಲೇ 7.8ಕ್ಕೆ ಬಂದು ನಿಂತಿತ್ತು. 8.0 ಪಿಎಚ್ ಇರುವ ನೀರನ್ನು ಈಗ ಸೇರಿಸಿದರೆ ಪಿಎಚ್‌ನಲ್ಲಿ ಹೇಳಿಕೊಳ್ಳುವಂಥ ಏರಿಕೆಯಾಗುವುದಿಲ್ಲ, ಅಮೋನಿಯ ಮಾತ್ರ 4ರಿಂದ 3ಕ್ಕೆ ಇಳಿಯುತ್ತದೆ. ನಿನ್ನೆ ಅಪಾಯವಾಗಿದ್ದ ಕೆಲಸವೇ ಇವತ್ತಿನ ಮದ್ದಾಗಿತ್ತು. ಪಿಎಚ್ ಅನ್ನು ಮತ್ತೆ ಕೆಳಗಿಳಿಸಲು ಆಮ್ಲದ ದ್ರಾವಣ ಹಾಕುವ ಯೋಚನೆ ಅವರಿಗಿತ್ತು. ಇನ್ನೊಂದು ಜಿಗಿತವನ್ನು ಆ ಮೀನುಗಳು ತಾಳುವಂತಿರಲಿಲ್ಲವಾದ್ದರಿಂದ ಬೇಡವೆಂದೆ.

ಪ್ರತಿದಿನ ಕಾಲು ಭಾಗದಂತೆ ಬದಲಾವಣೆ ಮುಂದುವರಿಯಿತು. ಮೂರು ದಿನ ಆಹಾರವಿಲ್ಲ, ಆಮೇಲೆ ದಿನ ಬಿಟ್ಟು ದಿನ ಕೆಲವೇ ಕಾಳು. ಐದನೆಯ ದಿನ ನೈಟ್ರೈಟ್ 1 ಪಿಪಿಎಂ ಕಾಣಿಸಿತು. ಅಮೋನಿಯ ತಿನ್ನುವ ಗುಂಪು ಮೊದಲು ಎಚ್ಚೆತ್ತು, ನೈಟ್ರೈಟ್ ತಿನ್ನುವ ಗುಂಪು ಹಿಂದೆ ಬಿದ್ದಿತ್ತು. ನೈಟ್ರೈಟ್ ರಕ್ತಕ್ಕೆ ಸೇರಿದರೆ ಆಮ್ಲಜನಕ ಹೊರುವ ಶಕ್ತಿ ಕುಂದುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಕಿವಿರಿನಲ್ಲಿ ಅದಕ್ಕೆ ಪೈಪೋಟಿ ಕೊಟ್ಟು ತಡೆಯುವುದರಿಂದ ಲೀಟರಿಗೆ ಒಂದು ಗ್ರಾಂನಂತೆ 54 ಗ್ರಾಂ ಉಪ್ಪನ್ನು ಕರಗಿಸಿ ಹಾಕಿಸಿದೆ, ಬದಲಿಸಿದ ನೀರಿಗಷ್ಟೇ ಲೆಕ್ಕ ಹಾಕಿ ಮರುದಿನಗಳಲ್ಲಿ ಸೇರಿಸಲು ಹೇಳಿದೆ. ಹನ್ನೆರಡನೆಯ ದಿನ ಅಮೋನಿಯ ಸೊನ್ನೆಯಾಯಿತು, ಹದಿನೇಳನೆಯ ದಿನ ನೈಟ್ರೈಟೂ ಸೊನ್ನೆಯಾಯಿತು. ಹೊಸ ತೊಟ್ಟಿಯೊಂದು ಈ ಹದಕ್ಕೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು; ಇಲ್ಲಿ ಬ್ಯಾಕ್ಟೀರಿಯಗಳು ಸತ್ತಿರಲಿಲ್ಲ, ಆಮ್ಲದಲ್ಲಿ ಮಂಕಾಗಿದ್ದವು ಅಷ್ಟೇ.

ಆ ಭಾನುವಾರದ ಮೊದಲು ನನ್ನನ್ನು ಕೇಳಿದ್ದರೆ ಏನು ಹೇಳುತ್ತಿದ್ದೆ ಎಂಬುದನ್ನೂ ಇಲ್ಲಿ ಬರೆಯಬೇಕು. ಎರಡು ದಿನ ಆಹಾರ ನಿಲ್ಲಿಸಿ, ಹಳೆಯ ನೀರಿನ ಪಿಎಚ್ ಮತ್ತು ಅಮೋನಿಯ ಅಳೆದು, ಮೊದಲ ದಿನ ಕೇವಲ ಎರಡೂವರೆ ಲೀಟರ್ ಬದಲಿಸಲು ಹೇಳುತ್ತಿದ್ದೆ. ಗಡಸುತನ ಪೂರ್ತಿ ಬರಿದಾದ ನೀರಿಗೆ ತಡೆಯುವ ಶಕ್ತಿಯೇ ಇರುವುದಿಲ್ಲ, ಆದ್ದರಿಂದ ಮೊದಮೊದಲ ಲೀಟರುಗಳೇ ಪಿಎಚ್ ಅನ್ನು ಅತಿ ವೇಗವಾಗಿ ಏರಿಸುತ್ತವೆ. ಕೊನೆಯ ಲೀಟರುಗಳಿಂದ ಅಷ್ಟು ಬದಲಾವಣೆಯಾಗುವುದಿಲ್ಲ. ದಿನಕ್ಕೆ ಅರ್ಧ ಅಂಕಕ್ಕಿಂತ ಹೆಚ್ಚು ಏರದಂತೆ, ಪ್ರತಿ ಸಲ ಅಳೆದುಕೊಂಡು, ಎರಡು ವಾರ ಹಿಡಿದು ಸಾಗಬೇಕಾದ ದಾರಿ ಅದು.

ಎಷ್ಟು ದಿನಕ್ಕೊಮ್ಮೆ, ಎಷ್ಟು ನೀರು

ಹದ ಮರಳಿದ ಮೇಲೆ ಆಹಾರವನ್ನು ಎಂದಿನ ಪ್ರಮಾಣಕ್ಕೆ ತಂದು, ವಾರವಿಡೀ ನೀರು ಬದಲಿಸದೆ ನೈಟ್ರೇಟ್ ಅಳೆದೆವು. 20ರಿಂದ 38ಕ್ಕೆ ಏರಿತು, ಅಂದರೆ ಎರಡು ಮೀನುಗಳಿಂದ ವಾರಕ್ಕೆ 18 ಪಿಪಿಎಂ. (ಕಾರ್ಡಿನಲ್ಲಿ 20ರ ನಂತರ 40ರ ಬಣ್ಣವೇ ಇರುವುದರಿಂದ ನಡುವಿನ ಅಂಕಿಗಳು ಕಣ್ಣಂದಾಜು. ಮೂರು ಮೀನಿಗೆ 27 ಎಂದು ಮೇಲೆ ಹಿಡಿದದ್ದು ಇದರಿಂದಲೇ.) ಗೋಲ್ಡ್‌ಫಿಶ್ ತೊಟ್ಟಿಯಲ್ಲಿ ನೈಟ್ರೇಟ್ 40ರ ಆಸುಪಾಸನ್ನು ದಾಟದಂತೆ ನೋಡಿಕೊಳ್ಳುವುದು ವಾಡಿಕೆ.

ಈ ಎರಡು ಅಂಕಿಗಳಿದ್ದರೆ ಉಳಿದದ್ದು ಸರಳ ಗಣಿತ. ಒಂದೇ ಕ್ರಮವನ್ನು ತಿಂಗಳುಗಟ್ಟಲೆ ಪಾಲಿಸಿದಾಗ, ನೀರು ಬದಲಿಸುವ ಮುನ್ನದ ಗರಿಷ್ಠ ನೈಟ್ರೇಟ್ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಎರಡು ಬದಲಾವಣೆಗಳ ನಡುವಿನ ಏರಿಕೆಯನ್ನು ಬದಲಿಸುವ ಭಾಗದಿಂದ ಭಾಗಿಸಿ, ನಲ್ಲಿ ನೀರಿನ ನೈಟ್ರೇಟನ್ನು ಕೂಡಿದರೆ ಆ ಮಟ್ಟ ಸಿಗುತ್ತದೆ. ಎಲ್ಲರೂ ಹೇಳುವ ವಾರಕ್ಕೊಮ್ಮೆ ಕಾಲು ಭಾಗದ ಕ್ರಮದಲ್ಲಿ ಇದು 18ನ್ನು 0.25ರಿಂದ ಭಾಗಿಸಿ 72, ಅದಕ್ಕೆ 5 ಕೂಡಿ 77. ಈ ತೊಟ್ಟಿಗೆ ಆ ಸಲಹೆ ಸಾಲದು. ಮೂರು ಮೀನುಗಳಿದ್ದಾಗ ಪಾಲಿಸಿದ್ದರೂ ನೈಟ್ರೇಟ್ 113ರಲ್ಲಿ ನಿಲ್ಲುತ್ತಿತ್ತು. ವಾರಕ್ಕೊಮ್ಮೆ ಅರ್ಧ ಬದಲಿಸಿದರೆ 41. ವಾರಕ್ಕೆ ಎರಡು ಸಲ ಕಾಲು ಭಾಗದಂತೆ ಬದಲಿಸಿದರೂ 41, ಏಕೆಂದರೆ ನಡುವಿನ ಏರಿಕೆಯೂ ಅರ್ಧವಾಗಿ 9 ಆಗುತ್ತದೆ.

ಅರ್ಧ ತೊಟ್ಟಿ ನೀರು ಬದಲಿಸಿ ಮೀನು ಕಳೆದುಕೊಂಡವರಿಗೆ ಮತ್ತೆ ಅರ್ಧ ಬದಲಿಸಿ ಎನ್ನುವುದು ವಿಚಿತ್ರವಾಗಿ ಕೇಳಬಹುದು. ಆದರೆ ವಾರವಾರ ಬದಲಿಸುವ ತೊಟ್ಟಿಯ ಗಡಸುತನ ಎಂದೂ ಬರಿದಾಗುವುದಿಲ್ಲ. ಈಗಿನ ಎರಡು ಮೀನಿನ ಲೆಕ್ಕದಲ್ಲಿ ಅದು ಅತಿ ಕೆಳಗಿಳಿದಾಗಲೂ 5 ಡಿಗ್ರಿಯ ಹತ್ತಿರವೇ ಇರುತ್ತದೆ, ಪಿಎಚ್ ನಲ್ಲಿ ನೀರಿನ ಸಮೀಪದಲ್ಲೇ ಉಳಿಯುತ್ತದೆ. ಹಾಗಾಗಿ ಹೊಸ ನೀರು ಮೀನಿಗೆ ಅಪರಿಚಿತವಾಗಿರುವುದಿಲ್ಲ.

ದೊಡ್ಡ ತೊಟ್ಟಿ ಕೊಂಡರೆ ಈ ಶ್ರಮ ತಪ್ಪುತ್ತದೆಯೇ ಎಂದು ಅವರು ಕೇಳಿದರು. ಲೆಕ್ಕ ಹಾಕಿದಾಗ ನನಗೂ ಮೊದಲು ಅಚ್ಚರಿಯಾಯಿತು. 120 ಲೀಟರ್ ನೀರಿರುವ ತೊಟ್ಟಿಯಲ್ಲಿ ಇದೇ ಎರಡು ಮೀನುಗಳಿಂದ ವಾರದ ಏರಿಕೆ ಸುಮಾರು 8 ಪಿಪಿಎಂ. ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿದರೆ 37ರಲ್ಲಿ ನಿಲ್ಲುತ್ತದೆ. ಆದರೆ 120ರ ಕಾಲು ಭಾಗವೆಂದರೆ 30 ಲೀಟರ್. ಚಿಕ್ಕ ತೊಟ್ಟಿಗೆ ಬೇಕಾದದ್ದು 27 ಲೀಟರ್! ಎರಡು ಮೀನುಗಳು ತಿಂದ ಆಹಾರದಿಂದ ವಾರಕ್ಕೆ ಹೆಚ್ಚುಕಡಿಮೆ ಒಂದು ಗ್ರಾಂ ನೈಟ್ರೇಟ್ ಹುಟ್ಟುತ್ತದೆ, ತೊಟ್ಟಿ ಯಾವುದಾದರೂ ಆ ಒಂದು ಗ್ರಾಂ ಹೊರಗೆ ಹೋಗಲೇಬೇಕು, ಅದನ್ನು ಹೊತ್ತು ಹೋಗುವ ನೀರೂ ಸರಿಸುಮಾರು ಅಷ್ಟೇ. ಹೊರಬೇಕಾದ ಬಕೆಟ್ಟುಗಳನ್ನು ತೊಟ್ಟಿಯ ಗಾತ್ರ ಕಡಿಮೆ ಮಾಡುವುದಿಲ್ಲ. ಏರಿಳಿತಗಳನ್ನು ನಿಧಾನಗೊಳಿಸಿ, ಒಂದು ವಾರ ತಪ್ಪಿದರೂ ಅನಾಹುತವಾಗದಷ್ಟು ಅವಕಾಶ ಕೊಡುತ್ತದೆ. ಆ ಅವಕಾಶಕ್ಕಾಗಿಯೇ ದೊಡ್ಡ ತೊಟ್ಟಿ ಒಳ್ಳೆಯದು. ಬೆಳೆಯುವ ಗೋಲ್ಡ್‌ಫಿಶ್‌ಗಳಿಗೆ ಈಜಲು ಜಾಗವೂ ಬೇಕು ಎಂಬುದು ಬೇರೆಯೇ ಮಾತು.

ಅವರು ಸದ್ಯಕ್ಕೆ ಹಳೆಯ ತೊಟ್ಟಿಯಲ್ಲೇ ಮುಂದುವರಿದು, ಬುಧವಾರ ಮತ್ತು ಭಾನುವಾರ ಹದಿಮೂರೂವರೆ ಲೀಟರಿನಂತೆ ಬದಲಿಸುವುದನ್ನು ಆರಿಸಿಕೊಂಡರು, ಏಕೆಂದರೆ ಅಷ್ಟು ನೀರು ಒಂದೇ ಬಕೆಟ್ಟಿನಲ್ಲಿ ಹಿಡಿಯುತ್ತದೆ. ಸ್ಪಂಜನ್ನು ತಿಂಗಳಿಗೊಮ್ಮೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡುತ್ತಾರೆ. ಮೂರನೆಯ ತಿಂಗಳ ಅಳತೆಯಲ್ಲಿ, ಅದೇ ಕ್ರಮ ನಡೆಯುತ್ತಿದ್ದರೂ ಭಾನುವಾರದ ನೈಟ್ರೇಟ್ 41ರ ಬದಲು 50ರ ಹತ್ತಿರ ಬಂತು. ಮೀನುಗಳು ಬೆಳೆದಿದ್ದವು, ಆಹಾರದ ಕಾಳುಗಳೂ ಹೆಚ್ಚಿದ್ದವು. ಅದೇ ಲೆಕ್ಕವನ್ನು ಹಿಂದುಮುಂದಾಗಿ ಹಾಕಿ ಒಂದು ಸಲದ ಬದಲಾವಣೆಯನ್ನು 17 ಲೀಟರಿಗೆ ಏರಿಸಿದೆವು. ಅದಕ್ಕೆ ಅವರು ಇನ್ನೊಂದು ಸಣ್ಣ ಬಕೆಟ್ಟನ್ನು ಹೊಂದಿಸಿಕೊಂಡಿದ್ದಾರೆ.